ಹಲಗೆಯ ಮೇಲಿನ ಎರಡು ಪದ

ಆ ನೀಲಿ ಹಲಗೆಗೆ ನಮಗೆ ತಗಲಿದ ವೆಚ್ಚ ಇಷ್ಟು: ಒಂದು ಕುರಿ, ಅರ್ಧ ಮೂಟೆ ಗೋಧಿನುಚ್ಚು, ಅರವತ್ತು ಜನರ ಒಂದು ಗಂಟೆಯ ಹಸಿವು.

ಹಲಗೆ ಇದ್ದದ್ದು ನಾವು ಬಿಟ್ಟುಬಂದ ಊರಿನಲ್ಲಿ, ನಮ್ಮ ಅಲೆವಿ ಪಂಗಡದ ಜನ ಕೂಡಿ ಪ್ರಾರ್ಥಿಸುವ ಮನೆಯ ಬಾಗಿಲ ಮೇಲೆ. ಅದರಲ್ಲಿ ಬರೆದದ್ದು ಮಾತ್ರ ‘ಮನರಂಜನಾ ಭವನ’. ಬೇರೆ ಹೆಸರಿಗೆ ಪುರಸಭೆ ಒಪ್ಪಿರಲಿಲ್ಲ. ಅಲ್ಲಿ ದಿನವೂ ಕಸ ಗುಡಿಸುವ ನನ್ನ ತಂಗಿ ಗುಲಿಜಾರ್ ಫೋನಿನಲ್ಲಿ ಕೇಳುತ್ತಿದ್ದಳು: “ಅಕ್ಕಾ, ಅಮ್ಮನ ಕೊನೇ ಪ್ರಾರ್ಥನೆ ಅಲ್ಲೇ ಮಾಡಿದ್ವಲ್ಲ, ಅದೂ ಮನರಂಜನೆಯಾ?”

ಚುನಾವಣೆ ಹತ್ತಿರವಾದಾಗ ಅದೇ ಪುರಸಭೆಯ ಅಧ್ಯಕ್ಷರು ವಿಮಾನ ಹತ್ತಿ, ಪರದೇಶದ ನಮ್ಮ ಪಟ್ಟಣಕ್ಕೆ ಬಂದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಇಲ್ಲಿ ಒಬ್ಬ ಹೆಂಗಸು ಫೋನು ಹಿಡಿದರೆ ಅಲ್ಲಿ ಹತ್ತು ಮನೆಗಳ ಮತ ಅಲ್ಲಾಡುತ್ತಿತ್ತು. ಅಧ್ಯಕ್ಷರು ನಮ್ಮ ಪಂಗಡದವರಲ್ಲ. ಆದರೂ ಅತಿಥಿ ಎಂದು ನಮ್ಮ ಪ್ರಾರ್ಥನೆಯ ಕೂಟಕ್ಕೆ ಕರೆದೆವು. ಅಡುಗೆ ನನ್ನದು.

ನಮ್ಮ ಗುರುವನ್ನು ನಾವು ದೆದೆ ಎನ್ನುತ್ತೇವೆ. ಆರಂಭಕ್ಕೆ ಮುನ್ನ ಝೈನೆಲ್ ದೆದೆ ವಾಡಿಕೆಯಂತೆ ಕೇಳಿದರು: “ಯಾರಿಗಾದ್ರೂ ಯಾರ ಮೇಲಾದ್ರೂ ಮುನಿಸಿದೆಯಾ?” ಮುನಿಸು ತೀರದೆ ನಮ್ಮಲ್ಲಿ ಪ್ರಾರ್ಥನೆಯಿಲ್ಲ, ಊಟವೂ ಇಲ್ಲ.

ಅಧ್ಯಕ್ಷರು ಅದನ್ನು ಸಭೆಯ ಉಪಚಾರವೆಂದು ತಿಳಿದು ಕೈಯೆತ್ತಿ ಘೋಷಿಸಿದರು: “ಯಾರಿಗೂ ಇಲ್ಲ! ನಾವೆಲ್ಲ ಒಂದೇ ಮನೆಯವರು!”

ನಾನು ಎದ್ದೆ. “ನನಗಿದೆ, ದೆದೆ. ಈ ಅಣ್ಣನ ಮೇಲೆ.”

ದೆದೆ ಮೀಸೆಯೊಳಗೇ ನಕ್ಕರು. “ಒಂದೇ ಮನೆಯವರು ಅಂದ್ರಲ್ಲ ಸ್ವಾಮಿ, ಹಾಗಾದ್ರೆ ನಡುವೆ ಬಂದು ನಿಲ್ಲಿ. ಬರಿಗಾಲಲ್ಲಿ.”

ಅಧ್ಯಕ್ಷರು ಕಾಲುಚೀಲ ತೆಗೆದರು. ಹೆಬ್ಬೆರಳಿನ ಬಳಿ ಅದು ತೂತಾಗಿತ್ತು. ನಾನು ಹಲಗೆಯ ಕತೆ ಹೇಳಿ, ಅದರ ಮೇಲೆ ನಿಜವಾದ ಹೆಸರು ಬರೆಸಿ ಎಂದೆ.

“ಅಕ್ಕಾ, ಅದು ಮೇಲಿನವರ ಕಾನೂನು. ನಾನೇನು ಮಾಡ್ಲಿ?”

“ಕಾನೂನು ಮೇಲಿನವರದ್ದೇ ಇರಲಿ. ಬಣ್ಣದ ಡಬ್ಬ ನಿಮ್ಮದಲ್ವಾ?”

ವಾದ ಒಂದು ಗಂಟೆ ನಡೆಯಿತು. ಕೊನೆಗೆ ಹಿಂದಿನಿಂದ ಒಬ್ಬ ಅಜ್ಜ ಕೂಗಿದ: “ಒಪ್ಕೊಂಡುಬಿಡಪ್ಪಾ, ಕುರಿ ಆರಿಹೋಗ್ತಿದೆ!” ಎಲ್ಲರೂ ನಕ್ಕರು, ಅಧ್ಯಕ್ಷರೂ ನಕ್ಕರು.

“ಆಯ್ತು, ಬರೆಸ್ತೀನಿ. ನೀವು ಫೋನು ಮಾಡ್ತೀರಾ?”

“ಮೊದಲು ಬರೆಸಿ. ಅಲ್ಲೀತನಕ ನಮ್ಮ ಫೋನು ಕೆಟ್ಟಿದೆ.”

ಹತ್ತನೆಯ ದಿನ ಗುಲಿಜಾರ್ ಹಲಗೆಯ ಮೇಲಿನ ಹೊಸ ಎರಡು ಪದಗಳನ್ನು ನನಗೆ ಅಕ್ಷರ ಬಿಡಿಸಿ ಓದಿಹೇಳಿದಳು: “ಪ್ರಾರ್ಥನೆಯ ಮನೆ.” ಆ ಸಂಜೆಯೇ ನಮ್ಮ ಫೋನುಗಳು ಸರಿಹೋದವು.

ಅಧ್ಯಕ್ಷರು ಗೆದ್ದರು. ಪುರಸಭೆಯ ಕಡತದಲ್ಲಿ ಅದು ಇವತ್ತಿಗೂ ಮನರಂಜನಾ ಭವನವೇ. ಅದನ್ನು ಬದಲಿಸಲು ನಮ್ಮಿಂದ ಆಗಲಿಲ್ಲ. ಸಿಕ್ಕಿದ್ದು ಹಲಗೆ ಮಾತ್ರ. ಗುಲಿಜಾರ್ ಈಗ ಅಂಗಳ ಗುಡಿಸಿದ ಮೇಲೆ ಏಣಿ ಹತ್ತಿ ಅದನ್ನೂ ಒರೆಸುತ್ತಾಳೆ.