ವಿಯೆಟ್ನಾಮಿಗೆ ಹೋಗುವ ಮೊದಲು

"ಇನ್ನೊಂದ್ಸಲ ಒತ್ತಿ ಯಜಮಾನ್ರೇ," ಎಂದಳು ಮೇಜಿನಾಚೆ ಕೂತಿದ್ದ ಪಾಸ್‌ಪೋರ್ಟ್ ಕಚೇರಿಯ ಹುಡುಗಿ.

ಕನ್ನಡಿಯಣ್ಣ ಬಲಗೈಯ ನಾಲ್ಕು ಬೆರಳು ಸೇರಿಸಿ ಯಂತ್ರದ ಮೇಲೆ ಒತ್ತಿದ. ಹಸಿರು ಬೆಳಕು ಬಂದು ಕೆಂಪಾಯಿತು. ಹುಡುಗಿ ಯಂತ್ರದ ಗಾಜು ಒರೆಸಿದಳು, ಅವನ ಬೆರಳು ಒರೆಸಿದಳು, ಕೊನೆಗೆ ಅವನ ಕೈಯನ್ನೇ ತಿರುಗಿಸಿ ನೋಡಿದಳು. ಬೆರಳ ತುದಿಗಳೆಲ್ಲ ಸವೆದು ನುಣ್ಣಗಾಗಿದ್ದವು. ನುಣ್ಣಗಾಗದ ಕಡೆ ಅಡ್ಡಡ್ಡ ಗೀರು.

"ಏನು ಕೆಲ್ಸ ನಿಮ್ದು?"

"ಗಾಜು ಕುಯ್ಯೋದಮ್ಮ. ಕಿಟಕಿದು, ಕನ್ನಡಿದು."

"ಅದಕ್ಕೇ ಗೆರೆ ಸಿಗ್ತಿಲ್ಲ. ಒಂದೆರಡು ವಾರ ಗಾಜು ಮುಟ್ಬೇಡಿ. ದಿನಾ ಮುಲಾಮು ಹಚ್ಚಿ, ಆಮೇಲೆ ಬನ್ನಿ. ಗೆರೆ ಮತ್ತೆ ಮೂಡುತ್ತೆ."

ಹೆಂಡತಿಯ ಬೆರಳು ಮೊದಲ ಸಲಕ್ಕೇ ಹತ್ತಿತ್ತು. ಅವಳು ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು ಗಂಡನ ಮುಖವನ್ನೇ ನೋಡುತ್ತಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಹೇಳಿದಳು: "ನಿಮ್ಮ ಮುಖ ನೋಡಿದ್ರೆ ಶಾಲೆಗೆ ರಜಾ ಕೊಟ್ಟ ಹಾಗಿದೆ."

ಅವನು ಕಿಟಕಿಯ ಕಡೆ ತಿರುಗಿಕೊಂಡ. ಅವಳು ಹೇಳಿದ್ದು ನಿಜವಾಗಿತ್ತು.

ಅಂಗಡಿಯ ಮುಂದೆ ನಿಂತು ಪುಕ್ಕಟೆಯಾಗಿ ತಲೆ ಬಾಚಿಕೊಂಡು ಹೋಗುವವರು ಅವನಿಗಿಟ್ಟ ಹೆಸರು ಕನ್ನಡಿಯಣ್ಣ. ಗಂಡ ಹೆಂಡತಿ ಇಬ್ಬರೂ ಹುಟ್ಟಿದಾರಭ್ಯ ದೇಶ ಬಿಟ್ಟು ಹೋದವರಲ್ಲ. ಹೋದವಳು ಮಗಳು. ವಿಯೆಟ್ನಾಮಿನ ಒಂದು ಕಡಲೂರಿನ ಹೋಟೆಲಿನಲ್ಲಿ ಬಂದವರಿಗೆ ಕೋಣೆ ಕೊಡುವ ಕೆಲಸಕ್ಕೆ ಸೇರಿದ್ದಳು. ವಾರಕ್ಕೊಮ್ಮೆ ಫೋನು ಮಾಡಿ, "ಅಪ್ಪಾ, ಇಲ್ಲಿ ಸಮುದ್ರ ನಿನ್ನ ಅಂಗಡಿ ಗಾಜಿನ ಬಣ್ಣದ್ದು, ಒಂದ್ಸಲ ಬಂದು ನೋಡು," ಅನ್ನುತ್ತಿದ್ದಳು. ಮುಂದಿನ ವರ್ಷ ಎಂದು ಇವನು ಹೇಳುತ್ತಲೇ ಬಂದ. ಒಂದು ಸಂಜೆ ಕೆಲಸದಿಂದ ಮನೆಗೆ ಹೋಗುವಾಗ ಅವಳ ಸ್ಕೂಟರಿಗೆ ಲಾರಿ ಗುದ್ದಿತು. ರಸ್ತೆ ಬದಿಯಲ್ಲಿ ಬ್ರೆಡ್ಡು ಮಾರುತ್ತಿದ್ದ ಹೆಂಗಸೊಬ್ಬಳು ಗಾಡಿಯನ್ನು ಹಾಗೇ ಬಿಟ್ಟು ಆಂಬುಲೆನ್ಸ್ ಹತ್ತಿದಳಂತೆ. ಬೆಳಗಿನ ಜಾವ ಮಗಳ ಉಸಿರು ನಿಲ್ಲುವ ತನಕ ಪಕ್ಕದಲ್ಲೇ ಕೂತಿದ್ದಳಂತೆ. ಮನೆಗೆ ಬಂದದ್ದು ಮುಚ್ಚಿದ ಪೆಟ್ಟಿಗೆ.

ಅದಾಗಿ ಎರಡು ವರ್ಷ. ಈಗ ಮಗಳ ಜೊತೆ ಕೆಲಸ ಮಾಡುತ್ತಿದ್ದವಳೊಬ್ಬಳು ಫೋನು ಮಾಡಿದ್ದಳು. ಆ ಹೆಂಗಸು ಆಗಾಗ ಹೋಟೆಲಿಗೆ ಬಂದು ಹುಡುಗಿಯ ತಾಯಿ ಹೇಗಿದ್ದಾಳೆ ಎಂದು ವಿಚಾರಿಸುತ್ತಾಳೆ, ಒಮ್ಮೆ ಬಂದು ಹೋಗಿ ಅನ್ನುತ್ತಾಳೆ. ಹೆಂಡತಿ ಮಾರನೆಯ ದಿನವೇ ಪಾಸ್‌ಪೋರ್ಟಿಗೆ ಅರ್ಜಿ ಹಾಕಿಸಿದ್ದಳು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ ಅವನು ಹೇಳಿದ, "ನಿನ್ನ ತಮ್ಮನ್ನ ಕರ್ಕೊಂಡು ಹೋಗಿ ಬಾ. ಅವನಿಗೆ ಪಾಸ್‌ಪೋರ್ಟಿದೆ. ನನ್ನ ಕೈ ಕಥೆ ನೋಡಿದ್ಯಲ್ಲ."

"ಅವಳು ನನ್ನ ತಮ್ಮನ ಮಗಳಾ?"

ಅವಳು ಒಳಗಿಂದ ಮುಲಾಮಿನ ಡಬ್ಬಿ ತಂದು ಮೇಜಿನ ಮೇಲೆ ಕುಕ್ಕಿದಳು. "ಕೈ ಕೊಡಿ."

ಮಾರನೆಯ ದಿನದಿಂದ ಅಂಗಡಿ ನೋಡಿಕೊಂಡವನು ಷಡ್ಡಕ. ಕನ್ನಡಿಯಣ್ಣ ಮೂಲೆಯ ಕುರ್ಚಿಯಲ್ಲಿ ಕೈ ಕಟ್ಟಿ ಕೂತು, "ಅಳತೆ ಸರಿಯಾಗಿ ಹಿಡಿ," "ಗೀರು ಒಂದೇ ಸಲ ಎಳಿ," ಎಂದು ಜೀವ ತಿನ್ನುತ್ತಿದ್ದ. "ಮದುಮಗನ ಹಾಗೆ ಕೂತಿದ್ದೀಯ, ಹಾಗೇ ಬಾಯಿ ಮುಚ್ಕೊಂಡು ಕೂತಿರು ಮಾರಾಯ," ಎಂದು ಷಡ್ಡಕ ಗೊಣಗಿದ. ಸಂಜೆ ಹೆಂಡತಿ ಕೆಲಸದಿಂದ ಬಂದವಳು ಬಟ್ಟೆ ಕೂಡ ಬದಲಾಯಿಸದೆ ಎದುರಿಗೆ ಕೂತು, ಒಂದೊಂದೇ ಬೆರಳಿಗೆ ಮುಲಾಮು ತಿಕ್ಕುತ್ತಿದ್ದಳು. ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ಮೈಯಲ್ಲಿ ಯಾವಾಗಲೂ ಸೋಪಿನ, ಬಿಸಿ ಇಸ್ತ್ರಿಯ ವಾಸನೆ. ಮಗಳು ಹೋದ ಮೇಲೆ ಇಬ್ಬರೂ ಹೀಗೆ ಕೈ ಹಿಡಿದುಕೊಂಡು ಕೂತದ್ದೇ ಇರಲಿಲ್ಲ. ಮೊದಮೊದಲು ಅವನಿಗೆ ಎಲ್ಲಿ ನೋಡಬೇಕೋ ತಿಳಿಯುತ್ತಿರಲಿಲ್ಲ. ಗೋಡೆ ನೋಡುತ್ತಿದ್ದ.

ಒಂದು ಸಂಜೆ ಅವಳು ತೋರುಬೆರಳನ್ನು ತಿಕ್ಕುತ್ತಿದ್ದಾಗ ಅವನೇ ಬಾಯಿಬಿಟ್ಟ.

"ಆ ಹೆಂಗಸಿನ ಹತ್ರ ಏನು ಕೇಳ್ತೀಯ?"

"ನೋವು ಪಟ್ಟಳಾ ಅಂತ. ಏನಾದ್ರೂ ಹೇಳಿದಳಾ ಅಂತ."

"ಅದಕ್ಕೇ ನಾನು ಬರಲ್ಲ ಅಂದಿದ್ದು." ಅವನು ಕೈ ಹಿಂದಕ್ಕೆಳೆಯಲು ನೋಡಿದ, ಅವಳು ಬಿಡಲಿಲ್ಲ. "ಗುದ್ದಿದ್ದೇ ಎಚ್ಚರ ತಪ್ಪಿತು, ನಿದ್ದೆಲೇ ಹೋದಳು ಅಂದ್ಕೊಂಡಿದ್ದೀನಿ. ಹಾಗಂದ್ಕೊಂಡೇ ಬೆಳಗ್ಗೆ ಎದ್ದು ಅಂಗಡಿ ಬಾಗಿಲು ತೆಗೀತೀನಿ. ಆ ಹೆಂಗಸು ಹಾಗಲ್ಲ ಅಂದ್ಬಿಟ್ರೆ?"

ಅವಳು ಆ ಬೆರಳು ಬಿಟ್ಟು ನಡುಬೆರಳು ಹಿಡಿದು ತಿಕ್ಕತೊಡಗಿದಳು. ಆಮೇಲೆ ತಲೆ ಎತ್ತದೆ ಹೇಳಿದಳು: "ನಾನು ದಿನಾ ಆಸ್ಪತ್ರೆ ಹಾಸಿಗೆ ಬಟ್ಟೆ ಬಿಡಿಸ್ತೀನಿ. ಯಾರು ನಿದ್ದೆಲಿ ಹೋದ್ರು, ಯಾರು ಒದ್ದಾಡಿ ಹೋದ್ರು ಅಂತ ಬಟ್ಟೆ ನೋಡಿದ್ರೆ ಗೊತ್ತಾಗುತ್ತೆ. ನಿಮಗೆ ಅಂದ್ಕೊಳ್ಳೋದಕ್ಕೆ ಒಂದೇ ಇದೆ. ನಾನು ದಿನಕ್ಕೊಂದು ಅಂದ್ಕೊಳ್ತೀನಿ. ನನಗೆ ಸಾಕಾಗಿದೆ ಕಣ್ರೀ. ಯಾವುದಾದ್ರೂ ಒಂದು ನಿಜ ಅಂತ ಗೊತ್ತಾಗ್ಲಿ."

ಎರಡು ವರ್ಷದಲ್ಲಿ ಅವಳು ಒಂದು ದಿನವೂ ಕೆಲಸ ತಪ್ಪಿಸಿರಲಿಲ್ಲ. ಅವಳದು ಗಟ್ಟಿ ಜೀವ ಎಂದು ಅವನು ಬಂದವರ ಮುಂದೆಲ್ಲ ಹೇಳಿಕೊಂಡು ಬಂದಿದ್ದ. ಈಗ ಅವಳ ಕೂದಲ ಬೈತಲೆಯನ್ನು ನೋಡುತ್ತಾ ಕೂತ. ಮುಲಾಮು ಹಚ್ಚಿ ಮುಗಿದಿದ್ದ ಇನ್ನೊಂದು ಕೈಯನ್ನು ಅವಳ ಮಣಿಕಟ್ಟಿನ ಮೇಲಿಟ್ಟ. ಮುಲಾಮು ಅವಳ ತೋಳಿಗೂ ಮೆತ್ತಿತು. ಇಬ್ಬರೂ ಒರೆಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಅವಳು ಮೊಬೈಲಿನಲ್ಲಿ ಆ ಭಾಷೆಯ ಮಾತು ಅಭ್ಯಾಸ ಮಾಡುತ್ತಿದ್ದಳು. ಇವಳು ಒಂದು ವಾಕ್ಯ ಹೇಳಿದರೆ ಫೋನು ಅದನ್ನೇ ವಿಯೆಟ್ನಾಮಿ ಭಾಷೆಯಲ್ಲಿ ಹಾಡಿದ ಹಾಗೆ ಹೇಳುತ್ತಿತ್ತು. ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಕನ್ನಡಿಯಣ್ಣ ಒಳಗೆ ಬಂದ.

"ಹೋದ ತಕ್ಷಣ ಅದನ್ನೇ ಕೇಳ್ಬೇಡ. ಪಾಪ, ಆ ಹೆಂಗಸು ಏನಂದ್ಕೊಳ್ಬೇಕು. ಮೊದಲು ಊಟ ಆಯ್ತಾ ಅಂತ ಕೇಳೋಣ."

ಅವಳು ಅವನನ್ನೇ ನೋಡಿದಳು. ಕೇಳೋಣ ಅಂದದ್ದನ್ನು ಗಮನಿಸಿದಳು. "ನೀವೇ ಕೇಳಿ," ಎಂದು ಫೋನನ್ನು ಅವನ ಬಾಯಿಯ ಹತ್ತಿರ ಹಿಡಿದಳು.

ಅವನು ಗಂಟಲು ಸರಿಮಾಡಿಕೊಂಡು, "ಊಟ ಆಯ್ತಾಮ್ಮ?" ಎಂದ. ಫೋನು ಹೇಳಿದ್ದನ್ನು ತಾನೂ ಹೇಳಲು ಹೋದ. ನಾಲಿಗೆ ಹೊರಳಲಿಲ್ಲ. ಮತ್ತೆ ಹೇಳಿದ. ಅವಳ ತುಟಿಯಂಚಿನಲ್ಲಿ ನಗು ಬಂದು ಹೋಯಿತು.

ಮುಂದಿನ ವಾರ ಕಚೇರಿಯ ಯಂತ್ರ ಅವನ ಬೆರಳುಗಳನ್ನು ಗುರುತಿಸಿತು. ಎಡಗೈಯ ಹೆಬ್ಬೆರಳು ಮಾತ್ರ ಸ್ವಲ್ಪ ಸತಾಯಿಸಿತು. ಪಾಸ್‌ಪೋರ್ಟು ಕೈಗೆ ಬಂದ ದಿನ ಹೆಂಡತಿ ಮಗಳ ಜೊತೆಗಾರ್ತಿಗೆ ಸುದ್ದಿ ಮುಟ್ಟಿಸಿದಳು. ಸಂಜೆಯೊಳಗೆ ಅತ್ತಲಿಂದ ಒಂದು ಫೋಟೊ ಬಂತು. ಬ್ರೆಡ್ಡಿನ ಗಾಡಿ, ಅದರ ಪಕ್ಕ ಟೋಪಿ ಕೈಯಲ್ಲಿ ಹಿಡಿದು, ಫೋಟೊಕ್ಕೆಂದೇ ನೆಟ್ಟಗೆ ನಿಂತ ಸಣ್ಣ ಮೈಯ ಹೆಂಗಸು. ಇಬ್ಬರೂ ಊಟದ ಮೇಜಿನ ಹತ್ತಿರ ಕೂತು ನೋಡಿದರು. ಹೆಂಡತಿ ನೋಡಿದ್ದು ಆ ಹೆಂಗಸಿನ ಕೈಗಳನ್ನು. ನೋಡಿ ಕಣ್ಣೊರೆಸಿಕೊಂಡು ತಟ್ಟೆ ತೆಗೆಯಲು ಎದ್ದಳು.

ಅವನು ಫೋಟೊವನ್ನು ದೊಡ್ಡದು ಮಾಡಿದ. ಇನ್ನಷ್ಟು ದೊಡ್ಡದು ಮಾಡಿದ.

"ಏನು ಹುಡುಕ್ತಿದ್ದೀರಿ?"

"ಗಾಡಿ ಮುಂದಿನ ಗಾಜು ಒಡೆದಿದೆ ನೋಡು. ಟೇಪು ಅಂಟಿಸಿದ್ದಾಳೆ."

"ಇಲ್ಲಿಂದ ಗಾಜು ಹೊತ್ಕೊಂಡು ಹೋಗ್ತೀರಾ?"

"ಗಾಜು ಅಲ್ಲೇ ಸಿಗುತ್ತೆ. ಕುಯ್ಯೋ ವಜ್ರದ ಪೆನ್ನು ಒಂದು ಪೆಟ್ಟಿಗೇಲಿ ಹಾಕ್ಕೊಂಡ್ರೆ ಸಾಕು."

ಅವನು ಹೆಬ್ಬೆರಳು, ಕಿರುಬೆರಳು ಚಾಚಿ ಮೇಜಿನ ಮೇಲೆ ಒಂದು ಗೇಣು ಹಾಕಿದ, ಫೋಟೊ ನೋಡಿದ, ಇನ್ನೊಂದು ಗೇಣು ಹಾಕಿದ. ಕೈ ನೀರಿನ ಲೋಟಕ್ಕೆ ತಾಗಿ ನಿಂತಿತು. ಹೆಂಡತಿ ಲೋಟವನ್ನು ಎತ್ತಿಕೊಂಡು, ಅವನು ಅಳೆದು ಮುಗಿಸುವ ತನಕ ಹಾಗೇ ಹಿಡಿದು ನಿಂತಳು.