ಎಡಗೈಯ ಮಿನರ್ವ

ಮೊದಲ ಅಚ್ಚನ್ನು ಒಣಗಲೆಂದು ದಾರಕ್ಕೆ ನೇತುಹಾಕಿದಾಗ ತಪ್ಪು ಮೊದಲು ಕಂಡದ್ದು ನನಗಲ್ಲ, ಚಿತ್ರ ಮಾರುವ ಮೊಸ್ಯೂ ಗ್ರಿವೆಲ್‌ಗೆ.

"ಏನ್ರೀ ಆನ್ಸೆಲ್ಮ್, ನಿಮ್ಮ ದೇವತೆ ಎಡಚಿಯೇನ್ರೀ?" ಎಂದು ನನ್ನ ಭಾವನನ್ನು ಕೇಳಿದ.

ನನ್ನ ಎರಡೂ ಕೈ ನೋಡಿಕೊಂಡೆ. ಯಾವುದು ಎಡ ಎಂದು ಆ ಗಳಿಗೆಯಲ್ಲಿ ತಿಳಿಯಲಿಲ್ಲ.

ಚಿತ್ರ ಅರಾಕ್ನೆಯದು. ಮಿನರ್ವ ದೇವಿಗಿಂತ ಚೆನ್ನಾಗಿ ನೇಯ್ದಳೆಂಬ ಒಂದೇ ತಪ್ಪಿಗೆ, ಅದೇ ದೇವಿಯ ಕೈಯಲ್ಲಿ ಲಾಳಿಯ ಏಟು ತಿಂದು ಜೇಡವಾದ ಹುಡುಗಿ. ಲೂವ್ರ್‌ನಲ್ಲಿ ಪ್ಯಾರಿಸ್ಸಿನವರೆಲ್ಲ ಹೊಗಳಿದ ಆ ವರ್ಣಚಿತ್ರವನ್ನು ತಾಮ್ರದ ತಗಡಿಗೆ ಇಳಿಸಿದವಳು ನಾನು, ಪೆರಿನ್. ದೇವಿ ಹರಿದುಹಾಕಿದ ಬಟ್ಟೆಯ ಒಂದೊಂದು ಎಳೆಯನ್ನೂ ಉಳಿಯಿಂದ ಕೊರೆದವಳು ನಾನು. ಆದರೆ ನಮ್ಮ ಸೇಂಟ್ ಜಾಕ್ ಬೀದಿಯಲ್ಲಿ ಚಿತ್ರದ ಕೆಳಗಿನ ಎಡಮೂಲೆ ಬಣ್ಣ ಬಳಿದವನ ಹೆಸರಿಗೆ, ಬಲಮೂಲೆ ಕೊರೆದವನ ಹೆಸರಿಗೆ. ಕೊರೆದವಳಿಗೆ ಮೂಲೆಯೂ ಇಲ್ಲ. ಹೋದ ವಾರ ನನ್ನ ಹೆಸರು ಹಾಕಿ ಎಂದು ಕೇಳಿದ್ದಕ್ಕೆ ಅಕ್ಕನ ಗಂಡ ಆನ್ಸೆಲ್ಮ್ ನಕ್ಕಿದ್ದ: "ಅಂಗಡಿ ಯಾರ್ದು ಪೆರಿನ್? ಹೆಸರೂ ಅವರ್ದೇ. ಹಿಂಗಾದ್ರೆ ನಾಳೆ ಅಡುಗೆಯವಳು ಸೂಪಿನ ಪಾತ್ರೆ ಮೇಲೂ ಹೆಸರು ಕೇಳ್ತಾಳೆ."

ತಗಡಿನ ಬಲ ಕಾಗದದಲ್ಲಿ ಎಡವಾಗಿ ಮೂಡುತ್ತದೆ. ಅದಕ್ಕೇ ನಾವು ಚಿತ್ರವನ್ನು ಕನ್ನಡಿಯಲ್ಲಿ ನೋಡಿ ಕೊರೆಯುವುದು.

"ಕನ್ನಡಿ ಎಲ್ಲಿ ಹಾಳಾಗಿ ಹೋಗಿತ್ತು?" ಎಂದು ಗ್ರಿವೆಲ್ ರೇಗಿದ.

"ಭಾವನ ಕೋಣೇಲಿ," ಎಂದೆ. "ಲೂವ್ರ್‌ಗೆ ಹೋಗೋವಾಗ ವಿಗ್ ಸರಿಮಾಡ್ಕೊಳ್ಳೋಕೆ ಒಯ್ದ್ರು, ವಾಪಸ್ ಕೊಡ್ಲೇ ಇಲ್ಲ. ಕೇಳಿದ್ರೆ, ತಲೇಲೇ ತಿರುಗಿಸ್ಕೋ ಅಂದ್ರು."

ತಲೆಯಲ್ಲೇ ತಿರುಗಿಸಿಕೊಂಡಿದ್ದೆ. ಒಮ್ಮೆ ತಿರುಗಿಸಿದ್ದನ್ನು ಮರೆತು ಇನ್ನೊಮ್ಮೆ ತಿರುಗಿಸಿದೆನೋ ಏನೋ. ಆ ದಿನಗಳಲ್ಲಿ ಬೀದಿಗಿಳಿದರೆ ಬ್ರೆಡ್ಡಿನಂಗಡಿ ಯಾವ ಕಡೆಗೆಂದು ನಿಂತು ಯೋಚಿಸಬೇಕಾಗುತ್ತಿತ್ತು.

ಭಾವ ಗಂಟಲು ಸರಿಮಾಡಿಕೊಂಡ. ಆಮೇಲೆ ಇದ್ದಕ್ಕಿದ್ದಂತೆ ಧಾರಾಳಿಯಾದ.

"ನಿಜ ಹೇಳ್ಬಿಡ್ತೀನಿ ಮೊಸ್ಯೂ. ಇದು ನನ್ನ ಕೆಲಸ ಅಲ್ಲ, ನಮ್ಮ ನಾದಿನೀದು. ಅವಳ ಹೆಸರೇ ಹಾಕಿ. ನ್ಯಾಯ ಅಂದ್ರೆ ನ್ಯಾಯ."

ಕೇಳಿದ್ದು ಸಿಕ್ಕಿತ್ತು. ಹಿಗ್ಗಬೇಕೋ ಅಳಬೇಕೋ ಗೊತ್ತಾಗದೆ ನಿಂತೆ. ಪಕ್ಕದಲ್ಲಿದ್ದ ಅಕ್ಕ ಓದೀಲ್ ನನ್ನ ತೋಳು ಚಿವುಟಿದಳು. "ಒಪ್ಕೋಬೇಡ ಕಣೇ. ಬೀದಿ ಪೂರ್ತಿ ನಿನ್ನ ನೋಡಿ ನಗುತ್ತೆ."

ಗ್ರಿವೆಲ್ ಅಚ್ಚಿನ ಹತ್ತಿರ ಬಗ್ಗಿ ನೋಡಿದ. "ಬಟ್ಟೆ ಮಾತ್ರ ಅದ್ಭುತವಾಗಿದೆ ಕಣ್ರೀ. ಆ ತೋಳು ಕೆರೆದು, ಕುಳಿ ಬಿದ್ದ ಕಡೆ ತಗಡಿಗೆ ಹಿಂದಿನಿಂದ ಸುತ್ತಿಗೆ ಬಡಿದು ಸಮ ಮಾಡಿ, ಇನ್ನೊಂದು ತೋಳು ಎತ್ಸಿ. ಆಗ ಯಾರ ಮನೆ ಗೋಡೆಗಾದ್ರೂ ಹೋಗುತ್ತೆ."

"ಮಾಡ್ತಾಳೆ, ಮಾಡ್ತಾಳೆ," ಎಂದ ಭಾವ. "ತಿದ್ದಿದ್ಮೇಲೆ ನನ್ನ ಹೆಸರೇ ಇರ್ಲಿ."

"ತಪ್ಪಾದ್ರೆ ನಂದು, ಸರಿಯಾದ್ರೆ ನಿಮ್ದಾ ಭಾವ?"

"ಅಂಗಡಿ ಮಾತು ನಿಂಗೆ ಅರ್ಥ ಆಗಲ್ಲ ಬಿಡು."

ನಿಜಕ್ಕೂ ಅರ್ಥವಾಗಲಿಲ್ಲ. ಬಲಗೈಯಿಂದ ಹೊಡೆದರೆ ಒಳ್ಳೆಯ ಚಿತ್ರ, ಎಡಗೈಯಿಂದ ಹೊಡೆದರೆ ಕೆಟ್ಟ ಚಿತ್ರ. ಆ ಹುಡುಗಿಗೆ ಏಟು ಬಿದ್ದದ್ದೇಕೆಂದು ಕೋಣೆಯಲ್ಲಿ ಯಾರೂ ಕೇಳುತ್ತಿರಲಿಲ್ಲ. ಹುಡುಗಿಯ ಮುಖ ನೋಡಿದೆ. ಅದು ನಾನೇ ಕೊರೆದ ಮುಖ. ಆದರೂ ಅವಳು ಅಂಜಿದ್ದಾಳೋ ಸಿಟ್ಟಾಗಿದ್ದಾಳೋ ಈಗ ನನಗೇ ಹೇಳಲಾಗದು.

ತಗಡನ್ನು ಮರಳು ತುಂಬಿದ ತೊಗಲಿನ ದಿಂಬಿನ ಮೇಲಿಟ್ಟು ಉಳಿ ತೆಗೆದುಕೊಂಡೆ. ಕಾಗದದ ಬಲಮೂಲೆ ಎಂದರೆ ತಗಡಿನ ಎಡಮೂಲೆ. ಅಲ್ಲವೇ? ಮತ್ತೆ ಲೆಕ್ಕ ಹಾಕಿದೆ. ಹೌದು.

"ಏ ಪೆರಿನ್, ತೋಳು ಮೇಲಿದೆ! ಅಲ್ಲೇನು ಮಾಡ್ತಿದ್ದೀಯ?"

"ತೋಳು ಹಾಗೇ ಇರುತ್ತೆ ಭಾವ."

"ಹುಚ್ಚಿ! ಚಿತ್ರ ಕೆಡುತ್ತೆ!"

"ಕೆಡಲಿ. ನನ್ನದೇ ತಾನೆ?"

ನನ್ನ ಹಕ್ಕನ್ನು ಕೊರೆಯುತ್ತಿದ್ದೇನೋ, ನನ್ನ ಮೇಲಿನ ದೂರನ್ನೋ, ತಿಳಿಯಲಿಲ್ಲ. ನನ್ನ ಹೆಸರಿನ ಮೊದಲ ಅಕ್ಷರವನ್ನು ತಿರುಗುಮುರುಗಾಗಿ ಕೊರೆದು, ಎದ್ದ ತಾಮ್ರದ ಸಿಬಿರನ್ನು ಹೆಬ್ಬೆರಳಿನಿಂದ ಒರೆಸಿ, ಎರಡನೆಯದಕ್ಕೆ ಉಳಿ ಇಟ್ಟೆ.