ಬನ್ನುವಿಗೆ ಹಾಲು ಬಿಡಿಸಿದ್ದು

ಬೀದಿಯ ತಿರುವಿನಲ್ಲಿದ್ದ ಬೇಕರಿಯ ಬೆನ್ನಿಗೇ ಬೇಕರಿಯವನ ಮನೆ. ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮನೆ, ಇವೆರಡರ ನಡುವೆ ಮೈದಾ ಮೂಟೆಗಳನ್ನು ಪೇರಿಸಿಟ್ಟ ಇಕ್ಕಟ್ಟು ಜಾಗ. ಭಟ್ಟಿಯ ಗೋಡೆಯೇ ಮನೆಯ ಗೋಡೆಯೂ ಆಗಿದ್ದರಿಂದ ಚಳಿಗಾಲದಲ್ಲಿ ಅವರಷ್ಟು ಬೆಚ್ಚಗೆ ಆ ಬೀದಿಯಲ್ಲಿ ಯಾರೂ ಇರುತ್ತಿರಲಿಲ್ಲ. ಬೇಸಿಗೆಯಲ್ಲಿ ಅವರಷ್ಟು ಬೇಯುವವರೂ ಇರಲಿಲ್ಲ. ಬೆಳಗಾದರೆ ಬೇಕರಿಯವನು ಉದ್ದ ಹಿಡಿಯ ಹಲಗೆ ಹಾಕಿ ಬ್ರೆಡ್ಡಿನ ಅಚ್ಚುಗಳನ್ನು ಹೊರಗೆಳೆಯುವನು. ಅವನ ತಾಯಿ ಗಲ್ಲಾದ ಮುಂದೆ ಕೂತು ಗಿರಾಕಿಗಳ ಸುಖದುಃಖ ವಿಚಾರಿಸುವಳು. ಹೆಂಡತಿ ಬಿಸಿ ಬನ್ನುಗಳ ನೆತ್ತಿಗೆ ಎಣ್ಣೆ ಸವರಿ ಗಾಜಿನ ಕಪಾಟಿನಲ್ಲಿ ಜೋಡಿಸುವಳು. ಮಗು ಅತ್ತಾಗ ಕೈಯೊರೆಸಿಕೊಂಡು ಪರದೆಯ ಹಿಂದೆ ಹೋಗಿ, ಮೂಟೆಯ ಮೇಲೆ ಕೂತು ಹಾಲು ಕೊಡುವಳು. ಅವಳ ಕೈಯ ಹಿಟ್ಟೆಲ್ಲ ಮಗುವಿನ ತಲೆಗೆ ಹತ್ತಿರುತ್ತಿತ್ತು. "ಅಜ್ಜಿಗಿಂತ ಮೊದಲು ಮೊಮ್ಮಗಳ ಕೂದಲೇ ನರೆತುಹೋಯ್ತಲ್ಲ!" ಎಂದು ಗಿರಾಕಿಗಳು ನಗುತ್ತಿದ್ದರು.

ಮಗುವಿಗೆ ಒಂದು ವರ್ಷ ದಾಟಿತ್ತು. ಅದರ ಉಬ್ಬಿದ ಕೆನ್ನೆ ನೋಡಿ ಯಾರೋ ಒಬ್ಬರು "ಇದನ್ನ ಯಾವ ಟ್ರೇನಲ್ಲಿ ಬೇಯಿಸಿದ್ರಿ?" ಎಂದು ಕೇಳಿದ್ದೇ ನೆಪವಾಗಿ ಬನ್ನು ಎಂಬ ಹೆಸರು ಅಂಟಿಕೊಂಡಿತ್ತು.

ಬನ್ನುವಿನ ಅಜ್ಜಿ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಯಾಕೆಂದರೆ ಇಂಥ ಕಥೆಗಳಲ್ಲಿ ಅತ್ತೆಯ ತಲೆಗೆ ತಪ್ಪು ಕಟ್ಟಿ ಪದ್ಧತಿಯನ್ನು ಪಾರುಮಾಡುವುದು ಬಹಳ ಸುಲಭ. ಮೊಮ್ಮಗಳಿಗೆ ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದವಳು ಅವಳೇ. ಸೊಸೆಗೆ ಸೊಂಟ ನೋವೆಂದರೆ ಹಿಟ್ಟು ನಾದಲು ತಾನೇ ಸೆರಗು ಸಿಕ್ಕಿಸಿ ನಿಲ್ಲುತ್ತಿದ್ದವಳೂ ಅವಳೇ. ಆದರೆ ಆ ಬೀದಿಯಲ್ಲಿ ಒಂದು ರೂಢಿ ಇತ್ತು. ಗಂಡುಮಗುವಾದರೆ ತಾನಾಗಿ ಬಿಡುವ ತನಕ ಎದೆಹಾಲು. ಹೆಣ್ಣಾದರೆ, ಮನೆಯಲ್ಲಿ ಇನ್ನೂ ಗಂಡು ಹುಟ್ಟಿಲ್ಲವೆಂದರೆ, ವರ್ಷ ತುಂಬುತ್ತಲೇ ಬಿಡಿಸಿಬಿಡುವುದು. ಕೂಸು ಎದೆಯಲ್ಲಿರುವ ತನಕ ಬಸಿರು ನಿಲ್ಲುವುದಿಲ್ಲ. ಹೆಣ್ಣು ಜಾಗ ಬಿಟ್ಟರೆ ತಾನೇ ಗಂಡು ಬರುವುದು?

ಬೇಕರಿಯವನಂತೂ ಸ್ಕೂಲಿಗೆ ಸೇರುವ ತನಕ ಕುಡಿದವನು. ಬೀದಿಯಲ್ಲಿ ಆಡುತ್ತಿದ್ದವನು ಓಡಿಬಂದು, ನಿಂತುಕೊಂಡೇ ನಾಲ್ಕು ಗುಟುಕು ಕುಡಿದು, ಬಾಯಿ ಒರೆಸಿಕೊಂಡು ಮತ್ತೆ ಓಡುತ್ತಿದ್ದನಂತೆ. ತಾಯಿ ಇದನ್ನು ಗಿರಾಕಿಗಳ ಮುಂದೆಯೇ ಹೇಳಿದರೆ ಅವನು ನಾಚಿಕೊಂಡು, ಭಟ್ಟಿಯೊಳಗೇ ಹೊಕ್ಕುಬಿಡುವವನ ಹಾಗೆ ಬಗ್ಗಿ ಸೌದೆ ಸರಿಸುತ್ತಿದ್ದ.

ಒಂದು ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಅತ್ತೆ ಮಾತು ತೆಗೆದಳು.

"ಇನ್ನು ಸಾಕು ಮಾಡೇ. ಎಷ್ಟು ದಿನ ಅಂತ ಕೊಡ್ತೀಯ?"

"ಅದಕ್ಕಿನ್ನೂ ನೆಟ್ಟಗೆ ಹಲ್ಲೇ ಬಂದಿಲ್ವಲ್ಲ ಅತ್ತೆ."

"ಬಂದಿರೋ ಹಲ್ಲು ಸಾಕು. ಮನೆ ತುಂಬ ರಸ್ಕ್ ಇದೆ, ನೆನೆಸಿ ಕೊಟ್ರೆ ತಿನ್ನುತ್ತೆ. ನೀನು ಹೀಗೇ ಕೂತ್ರೆ ಇವಳ ತಮ್ಮ ಯಾವಾಗ ಬರ್ತಾನೆ? ನಾನು ಕಣ್ಣು ಮುಚ್ಚಿದ ಮೇಲಾ?"

ಸೊಸೆ ಗಂಡನ ಮುಖ ನೋಡಿದಳು. ಅವನು ಕೈಯ ಹಿಟ್ಟನ್ನು ಉಜ್ಜಿ ಉಜ್ಜಿ ಉದುರಿಸುತ್ತ, "ಅಮ್ಮ ಹೇಳೋದ್ರಲ್ಲೂ ಏನೋ ಇರುತ್ತೆ. ನೀನು ಹೇಳೋದೂ ಸುಳ್ಳಲ್ಲ," ಎಂದು ಸೌದೆ ತರಲು ಹೊರಗೆ ಹೋದ. ಹಿಂದಿನ ದಿನ ತಂದ ಸೌದೆ ಅಲ್ಲೇ ರಾಶಿ ಬಿದ್ದಿತ್ತು.

ಅವಳು ಸಿಕ್ಕಸಿಕ್ಕವರನ್ನೆಲ್ಲ ಕೇಳಿದಳು. ಪಕ್ಕದ ಟೈಲರಮ್ಮ, "ವರ್ಷವಾದ ಮೇಲೆ ಅದೆಲ್ಲ ಬರೀ ನೀರು ಕಣೆ, ಅದರಲ್ಲೇನಿದೆ ಮಣ್ಣು!" ಎಂದಳು. ಫೋನಿನಲ್ಲಿ ತವರಿನ ತಾಯಿ, "ನಿಮ್ಮತ್ತೆ ಹೊತ್ತು ಹೆತ್ತು ಸಾಕಿದವರು, ಅವರು ಹೇಳಿದ ಹಾಗೆ ಕೇಳಮ್ಮ," ಎಂದಳು. ಲಸಿಕೆ ಹಾಕಿದ ನರ್ಸು, "ಎರಡು ವರ್ಷ ಕುಡಿಸಿ, ಜೊತೆಗೆ ಊಟಾನೂ ಕೊಡಿ," ಎಂದು ಹೇಳಿ ಮುಂದಿನ ಮಗುವನ್ನು ಕರೆದಿದ್ದಳು. ಎಲ್ಲರಿಗೂ ಎಲ್ಲ ಗೊತ್ತಿತ್ತು. ಗೊತ್ತಿಲ್ಲದವಳು ಅವಳೊಬ್ಬಳೇ. ಇದರ ಮೇಲೆ ಇನ್ನೊಂದು ಗೊಂದಲ: ಅವಳಿಗೂ ಸಾಕಾಗಿತ್ತು. ಬನ್ನು ಹೊಸ ಹಲ್ಲಿನಿಂದ ಕಚ್ಚುತ್ತಿದ್ದಳು. ಬೆನ್ನು ಬಿದ್ದುಹೋಗುತ್ತಿತ್ತು. ಯಾರೂ ಸೆರಗು ಎಳೆಯದೆ ಒಂದು ಲೋಟ ಟೀ ಕುಡಿಯಬೇಕೆಂದು ಎಷ್ಟೋ ಸಲ ಅನ್ನಿಸಿತ್ತು. ಹಾಗಾದರೆ ಬಿಡಿಸಬೇಕೆನ್ನುವ ಆಸೆ ಅತ್ತೆಯದೋ, ತನ್ನದೋ? ತನ್ನದೇ ಆಗಿದ್ದರೆ ಎದೆ ಯಾಕೆ ಹೀಗೆ ಹೊಡೆದುಕೊಳ್ಳುತ್ತದೆ? ಅವಳಿಗೆ ತಲೆಬುಡ ತಿಳಿಯಲಿಲ್ಲ. ತಿಳಿಯದ್ದರಿಂದಲೇ ಹೂಂ ಅಂದಳು.

ಮೊದಲು ಕಹಿ ಮಾತ್ರೆ ಅರೆದು ಎದೆಗೆ ಸವರಿದ್ದಾಯಿತು. ಬನ್ನು ಮುಖ ಕಿವುಚಿದಳು, ಮೈ ಕೊಡವಿದಳು, ತಾಯಿಯನ್ನು ಸಂಶಯದಿಂದ ನೋಡಿದಳು. ಆಮೇಲೆ ಕಹಿಯನ್ನೂ ಸೇರಿಸಿ ಕುಡಿದಳು.

"ಗಟ್ಟಿಪಿಂಡ," ಎಂದ ಅತ್ತೆ, ಕೇಕಿನ ಮೇಲೆ ಹೂ ಬಿಡಿಸುವ ಕೆಂಪು ಬಣ್ಣದ ಶೀಷೆ ತಂದಳು. "ಇದನ್ನ ಹಚ್ಕೊ. ರಕ್ತ ಅಂದ್ಕೊಂಡು ಹೆದರುತ್ತೆ. ಒಂದು ಸಲ ಹೆದರಿದ್ರೆ ಮತ್ತೆ ಹತ್ರಕ್ಕೆ ಬರಲ್ಲ."

ಮಗುವನ್ನು ಹೆದರಿಸುವುದೆಂದರೆ ಏನೋ ಕಸಿವಿಸಿ. ಆದರೂ ಬಣ್ಣ ಹಚ್ಚಿಕೊಂಡು ಮೂಟೆಯ ಮೇಲೆ ಕೂತಳು. ಬನ್ನು ತಪ್ಪುಹೆಜ್ಜೆ ಹಾಕುತ್ತ ಬಂದು, ಸೆರಗು ಸರಿಸಿ, ಗಕ್ಕನೆ ನಿಂತಳು. ತುಟಿ ನಡುಗಿತು. ಬಣ್ಣ ನೋಡಿದಳು, ತಾಯಿಯ ಮುಖ ನೋಡಿದಳು. ಆಮೇಲೆ ಎರಡು ಕೈಯನ್ನೂ ತಾಯಿಯ ತೊಡೆಯ ಮೇಲೂರಿ, ಬಗ್ಗಿ, ಕೆನ್ನೆ ಉಬ್ಬಿಸಿ, "ಉಫ್... ಉಫ್..." ಎಂದು ಊದತೊಡಗಿದಳು. ಬಿದ್ದು ಮಂಡಿ ತರಚಿದಾಗ, ಬಿಸಿ ಟ್ರೇ ಮುಟ್ಟಿದಾಗ ತಾಯಿ ಅವಳಿಗೆ ಹೇಗೆ ಊದುತ್ತಿದ್ದಳೋ ಹಾಗೆ. ಅಮ್ಮನಿಗೆ ಗಾಯವಾಗಿದೆ ಎಂದುಕೊಂಡಿತ್ತು ಅದು. ಊದಿ ಊದಿ ಎಂಜಲೆಲ್ಲ ಸಿಡಿಯಿತು. ತಾಯಿಗೆ ನಗಬೇಕೋ ಅಳಬೇಕೋ ತಿಳಿಯದೆ ಎರಡೂ ಒಟ್ಟಿಗೇ ಬಂತು.

ಅತ್ತೆ ಸೆರಗಿನಿಂದ ಮಗುವಿನ ಬಾಯಿ ಒರೆಸಿದಳು. ಆಮೇಲೆ, "ಹೀಗೆಲ್ಲ ಮಾಡಿದ್ರೆ ಆಗೋದಿಲ್ಲ. ತಾಯಿ ಮುಖ ಕಾಣದ ಹಾಗೆ ಇಡಬೇಕು," ಎಂದು ಶೀಷೆಯ ಮುಚ್ಚಳ ತಿರುಗಿಸಿದಳು.

ಮರುದಿನವೇ ಬನ್ನುವನ್ನು ನಾದಿನಿಯ ಮನೆಗೆ ಕಳಿಸಿದರು. ನಾದಿನಿ ಬೇಕರಿಯವನ ಅಕ್ಕ. ಬಸ್ ನಿಲ್ದಾಣದ ಆಚೆ, ಅಷ್ಟೇನೂ ದೂರವಲ್ಲ. ಆಡುವ ಮಕ್ಕಳಿದ್ದ ಮನೆ, ಮರೆತುಬಿಡುತ್ತೆ ಎಂದರು.

ಮರೆತಳೋ ಇಲ್ಲವೋ, ಇತ್ತ ಹಾಲಿಗೆ ಮರೆವು ಬರಲಿಲ್ಲ. ಎದೆ ಕಲ್ಲಿನಂತೆ ಬಿಗಿದು ಕಂಕುಳಿನ ತನಕ ನೋವು ಹತ್ತಿತು. ಅತ್ತೆ ಬಟ್ಟೆ ಬಿಗಿದು ಕಟ್ಟಿದಳು. ಜ್ವರ ಬಂತು. ಬೇಸಿಗೆ, ಭಟ್ಟಿ, ಜ್ವರ, ಮೂರೂ ಸೇರಿ ಅವಳು ಗಲ್ಲಾದ ಮುಂದೆ ಮಂಕಾಗಿ ನಿಂತಿರುತ್ತಿದ್ದಳು. ಬ್ರೆಡ್ಡು ಕೇಳಿದವರಿಗೆ ಬಿಸ್ಕತ್ತು ಕೊಡುತ್ತಿದ್ದಳು. ಅಂಗಡಿಗೆ ಬಂದ ಯಾರದೋ ಕೂಸು ಅತ್ತರೆ ಕುಪ್ಪಸ ಒದ್ದೆಯಾಗುತ್ತಿತ್ತು. ಅವಸರವಾಗಿ ಏಪ್ರನ್ ಮೇಲೆಳೆದುಕೊಳ್ಳುತ್ತಿದ್ದಳು. "ಹೇಗಿದ್ದಾಳಂತೆ?" ಎಂದು ಕೇಳಿದರೆ ಅತ್ತೆ, "ಆಡ್ಕೊಂಡು ಹಾಯಾಗಿದ್ದಾಳೆ. ನೀನು ಹೋಗಿ ಕೆಡಿಸಬೇಡ," ಎನ್ನುತ್ತಿದ್ದಳು. ಹೌದಿರಬಹುದು ಎಂದು ನಂಬಲು ನೋಡಿದಳು. ಮಗು ಹಾಯಾಗಿದ್ದರೆ ಖುಷಿಯಾಗಬೇಕಲ್ಲ, ಅದೂ ಆಗುತ್ತಿರಲಿಲ್ಲ.

ಒಂದು ದಿನ ಬಸ್ಸಿಳಿದು ಬ್ರೆಡ್ಡು ಕೊಳ್ಳಲು ಬಂದ ನಾದಿನಿಯ ನೆರೆಯವಳು, "ಮಗೂಗೆ ಭೇದಿ ನಿಂತಿತೇನಮ್ಮಾ?" ಎಂದು ಕೇಳಿದಳು.

"ಯಾವ ಭೇದಿ?"

ಆ ಹೆಂಗಸು ನಾಲಿಗೆ ಕಚ್ಚಿಕೊಂಡಳು. ಸೊಸೆ ಉಳಿದ ಮಾತು ಕೇಳಲು ನಿಲ್ಲಲಿಲ್ಲ. ಹಿಂದಿನಿಂದ ಅತ್ತೆ ಕೂಗುತ್ತಿರುವಂತೆಯೇ, ಏಪ್ರನ್ನನ್ನೂ ಬಿಚ್ಚದೆ, ಉರಿಬಿಸಿಲಲ್ಲಿ ಬಸ್ ನಿಲ್ದಾಣ ದಾಟಿದಳು.

ಬನ್ನು ಚಾಪೆಯ ಮೇಲೆ ಮಲಗಿದ್ದಳು. ಕೆನ್ನೆ ಎಲ್ಲಿ ಹೋಯಿತೋ! ಕಣ್ಣು ಗುಳಿಬಿದ್ದಿತ್ತು. ಅಳಲು ಬಾಯಿ ತೆರೆದರೂ ಕಣ್ಣಲ್ಲಿ ನೀರಿರಲಿಲ್ಲ. ತಾಯಿಯನ್ನು ನೋಡಿಯೂ ಕೈ ಚಾಚಲಿಲ್ಲ. ಯಾರೋ ಬಂದರು ಎಂಬ ಹಾಗೆ ನೋಡಿ ರೆಪ್ಪೆ ಮುಚ್ಚಿದಳು. ಪಕ್ಕದ ಬಟ್ಟಲಲ್ಲಿ ನೀರು ಬೆರೆಸಿದ ಹಾಲು, ಅದರಲ್ಲಿ ಕರಗಿದ ರಸ್ಕ್, ಮೇಲೊಂದು ನೊಣ.

"ಹಾಲು ಬಿಟ್ಟ ಮಕ್ಕಳಿಗೆ ಹೀಗೇ ಆಗುತ್ತಂತೆ, ಅಮ್ಮ ಹೇಳಿದ್ಲು," ನಾದಿನಿ ತಡವರಿಸಿದಳು. "ನೀರು ಕೊಟ್ರೆ ಇನ್ನೂ ಜಾಸ್ತಿ ಹೋಗುತ್ತೆ ಅಂತ ಕೊಡ್ಲಿಲ್ಲ. ನಾನು ಬೇಕು ಅಂತ ಮಾಡಿದ್ನಾ?"

ತಾಯಿ ಮಗುವನ್ನು ಎತ್ತಿಕೊಂಡಳು. ಎತ್ತಿದಾಗ ಅದು ತೀರ ಹಗುರವಾಗಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಮಗುವಿನ ಹೊಟ್ಟೆಯ ಚರ್ಮ ಹಿಂಡಿ ನೋಡಿದರು. ಹಿಂಡಿದ ಚರ್ಮ ಹಾಗೇ ನಿಂತಿತು. ಸೂಜಿ ಚುಚ್ಚಿ, ಬಾಟಲಿ ತೂಗುಹಾಕಿ, ಆಮೇಲೆ ತಾಯಿಯ ಕಡೆ ತಿರುಗಿದರು.

"ಎದೆಹಾಲು ಕೊಡ್ತಿದ್ದೀರಾ?"

"ಬಿಡಿಸಿದ್ವಿ."

"ಯಾಕೆ?"

ಯಾಕೆ ಎಂದು ಇಷ್ಟು ದಿನ ಯಾರೂ ಅವಳನ್ನು ಕೇಳಿರಲಿಲ್ಲ.

ಅಷ್ಟರಲ್ಲಿ ಬೇಕರಿಯವನೂ ಅವನ ತಾಯಿಯೂ ಏದುಸಿರು ಬಿಡುತ್ತ ಬಂದರು. ಸೊಸೆಯ ಬದಲು ಅತ್ತೆಯೇ ಉತ್ತರ ಕೊಟ್ಟಳು. "ಹೆಣ್ಣುಮಗು ಅಲ್ವಾ ಡಾಕ್ಟ್ರಮ್ಮ, ವರ್ಷವಾಯ್ತು. ಮುಂದಿನದಕ್ಕೆ ದಾರಿಯಾಗಬೇಕಲ್ಲ."

"ಗಂಡಾಗಿದ್ರೆ?"

"ಗಂಡಾಗಿದ್ರೆ ಬೇರೆ."

"ಹೊಟ್ಟೆ ಬೇರೆನಾ ಅಮ್ಮ? ಕರುಳು ಬೇರೆನಾ?" ಡಾಕ್ಟರಮ್ಮ ದನಿ ಎತ್ತಲಿಲ್ಲ. "ಹಾಲು ಬಿಡಿಸೋದೇ ತಪ್ಪು ಅಂತ ನಾನು ಹೇಳಲ್ಲ. ಎಲ್ಲ ಮಕ್ಕಳೂ ಒಂದು ದಿನ ಬಿಡಲೇಬೇಕು. ಒಂದೊಂದು ಹೊತ್ತಾಗಿ ಕಡಿಮೆ ಮಾಡಿ, ಮನೆಯವರು ತಿನ್ನೋದನ್ನೇ ಮೆತ್ತಗೆ ಕಿವುಚಿ ತಿನ್ನಿಸಿ, ತಾಯಿ ಮಡಿಲಲ್ಲೇ ಕೂರಿಸ್ಕೊಂಡು ಬಿಡಿಸಿ. ಈ ಉರಿಬೇಸಿಗೇಲಿ ತಾಯೀನೂ ಇಲ್ಲ, ಹಾಲೂ ಇಲ್ಲ, ನೀರೂ ಇಲ್ಲ ಅಂದ್ರೆ ಮಗು ಏನು ಕುಡಿದು ಬದುಕಬೇಕು? ಭೇದಿಯಾದಾಗ ನೀರು ಒಳಗೆ ಹೋಗ್ಲೇಬೇಕು. ಎದೆಹಾಲಿದ್ದಿದ್ರೆ ಇಷ್ಟು ದೂರ ಬರ್ತಾನೇ ಇರಲಿಲ್ಲವೇನೋ."

"ಎಲ್ಲ ಓದಿದವರ ಮಾತು!" ಅತ್ತೆ ಸಿಡಿದಳು. "ನಾನು ಮೂರು ಹೆಣ್ಣು ಹೆತ್ತಿದ್ದೀನಿ. ಮೂರಕ್ಕೂ ಹೀಗೇ ಬಿಡಿಸಿದ್ದೀನಿ. ಏನಾಯ್ತು?"

ಬೇಕರಿಯವನು ತಾಯಿಯ ಕಡೆ ತಿರುಗಿದ. "ಮೂರಾ? ಅಕ್ಕ ಒಬ್ಬಳೇ ಅಲ್ವೇನಮ್ಮ?"

ಅತ್ತೆಯ ಕೈ ಸೆರಗಿನ ತುದಿ ಹುಡುಕಿತು.

"ಎರಡು... ಹೋದವು. ನೀನು ಹುಟ್ಟೋಕೆ ಮೊದಲು. ಭೇದಿಯಾಗಿ ಹೋದವು," ಎಂದಳು. "ಅದು ಬೇರೆ. ಅದು ಹಾಲಿಗಲ್ಲ. ಅದು ಬೇರೆ."

ಅತ್ತೆ ಬಾಟಲಿಯಿಂದ ಬೀಳುವ ಹನಿಯನ್ನು ನೋಡುತ್ತ "ಅದು ಬೇರೆ" ಎಂದು ಇನ್ನೂ ಎರಡು ಸಲ ಹೇಳಿದಳು.

ಬನ್ನು ಉಳಿದಳು. ಎಷ್ಟೋ ಮನೆಗಳಲ್ಲಿ ಉಳಿಯುವುದಿಲ್ಲ. ಓದುವವರು ಅದನ್ನು ಮರೆಯಬಾರದು. ಮಾರನೆಯ ಬೆಳಿಗ್ಗೆ ಕಣ್ಣು ಬಿಟ್ಟಳು, ಚಮಚದಲ್ಲಿ ಕೊಟ್ಟ ನೀರು ನುಂಗಿದಳು. ಎದೆಗಿಟ್ಟುಕೊಂಡರೆ ಮೊದಲು ಮುಖ ತಿರುಗಿಸಿದಳು. ತಾಯಿ ಒತ್ತಾಯ ಮಾಡಲಿಲ್ಲ. ಒಂದೆರಡು ಹನಿ ಹಿಂಡಿ ತುಟಿಗೆ ಸವರಿ ಕಾದಳು. ಸಂಜೆಯ ಹೊತ್ತಿಗೆ ಮಗು ಬಾಯಿ ಹಾಕಿತು. ಅವಳಿಗೆ ನೋವಿನಿಂದ ಜೀವ ಹೋದಂತಾಯಿತು. ಆದರೂ ಬಿಡಿಸಿಕೊಳ್ಳಲಿಲ್ಲ.

ಮನೆಗೆ ಬಂದ ಮೇಲೆ ಅತ್ತೆ ಬಹಳ ಕಡಿಮೆ ಮಾತಾಡುತ್ತಿದ್ದಳು. ಆದರೂ ರೂಢಿ ಅಷ್ಟು ಬೇಗ ನಾಲಿಗೆ ಬಿಡುವುದಿಲ್ಲ. ಮಗು ಮತ್ತೆ ನಡೆಯತೊಡಗಿದ ದಿನ, ಟೈಲರಮ್ಮನೂ ಇನ್ನಿಬ್ಬರು ಗಿರಾಕಿಗಳೂ ಅಂಗಡಿಯಲ್ಲಿದ್ದಾಗಲೇ ಅಂದಳು, "ಇನ್ನೊಂದು ಸ್ವಲ್ಪ ದಿನ ಚೇತರಿಸಿಕೊಳ್ಳಲಿ. ಆಮೇಲೆ ನಿಧಾನಕ್ಕೆ ಬಿಡಿಸೋಣ. ಗಂಡು ಬೇಡ್ವಾ ಮನೆಗೆ?"

ಸೊಸೆ ಕೈಯಲ್ಲಿದ್ದ ಟ್ರೇ ಕೆಳಗಿಟ್ಟಳು.

"ಅತ್ತೆ, ನನಗೆ ಯಾವುದು ಸರಿ ಯಾವುದು ತಪ್ಪು ಅಂತ ಪೂರ್ತಿ ಗೊತ್ತಾಗಲ್ಲ. ಒಬ್ಬೊಬ್ಬರು ಒಂದೊಂದು ಹೇಳ್ತಾರೆ, ಎಲ್ಲರ ಮಾತೂ ನಿಜ ಅನ್ಸುತ್ತೆ. ಆದರೆ ಇನ್ನೂ ಹುಟ್ಟದೇ ಇರೋನಿಗೋಸ್ಕರ ಹುಟ್ಟಿರೋಳ ಬಾಯಿಂದ ನಾನು ಕಿತ್ತುಕೊಳ್ಳಲ್ಲ. ಇದೊಂದು ನನಗೆ ಗೊತ್ತು. ಬಿಡೋ ಕಾಲ ಬಂದಾಗ ಇವಳೂ ನಾನೂ ಸೇರಿ ಬಿಡ್ತೀವಿ. ಇವಳನ್ನ ಇನ್ನು ಯಾರ ಮನೆಗೂ ಕಳಿಸಲ್ಲ."

ಎಲ್ಲರೂ ಬೇಕರಿಯವನ ಕಡೆ ನೋಡಿದರು. ಅವನು ಸೌದೆ ತರಲು ಹೋಗಲಿಲ್ಲ. "ಅವಳು ಹೇಳಿದ ಹಾಗೇ ಆಗಲಿ ಅಮ್ಮ," ಎಂದ. ಹೇಳಿದ ಮೇಲೆ ಅವನ ಮುಖದಲ್ಲೂ ಗಾಬರಿಯೇ ಇತ್ತು. ಟೈಲರಮ್ಮ ಬ್ರೆಡ್ಡು ತೆಗೆದುಕೊಳ್ಳುವುದನ್ನೂ ಮರೆತು ಹೋದಳು.

ಆ ಮಧ್ಯಾಹ್ನ ಸೊಸೆ ಪರದೆಯ ಹಿಂದೆ ಮಗುವಿಗೆ ಹಾಲು ಕೊಡುತ್ತಿದ್ದಾಗ ಅತ್ತೆ ಬಂದು ಪಕ್ಕದ ಮೂಟೆಯ ಮೇಲೆ ಕೂತಳು. ಬೈಯಲು ಬಂದಳೇನೋ ಎಂದು ಸೊಸೆ ಮೈ ಬಿಗಿಹಿಡಿದಳು. ಅತ್ತೆ ಬಹಳ ಹೊತ್ತು ಮಗುವಿನ ಗಂಟಲು ಏರಿಳಿಯುವುದನ್ನೇ ನೋಡುತ್ತಿದ್ದಳು.

"ಕುಡಿಸಿದ್ದಿದ್ರೆ ಅವೂ ಉಳೀತಿದ್ವೇನೇ?"

ಹೌದೆಂದರೆ ಈ ಮುದುಕಿ ಅದನ್ನು ಹೊತ್ತುಕೊಂಡು ಹೇಗೆ ಬದುಕುತ್ತಾಳೆ? ಇಲ್ಲವೆಂದರೆ ನಾಳೆ ಇನ್ನೊಬ್ಬರ ಮನೆಯ ಮಗುವಿಗೆ ಇವಳೇ ಬಿಡಿಸಲು ಹೇಳುತ್ತಾಳೆ.

"ಗೊತ್ತಿಲ್ಲ ಅತ್ತೆ," ಎಂದಳು. "ಉಳೀತಿದ್ವೇನೋ."

ಅತ್ತೆ ತಲೆಯಾಡಿಸಿದಳು. "ದೊಡ್ಡದಕ್ಕೆ ಗುಂಗುರು ಕೂದಲು. ಬಾಚೋಕೆ ಹೋದ್ರೆ ಕಿರುಚ್ತಿತ್ತು," ಎಂದಳು. ಮಗನಿಗೂ ಹೇಳದ ಮಾತು ಅದು.

"ಇನ್ನೊಂದು ಹೇಗಿತ್ತತ್ತೆ?"

ಅತ್ತೆ ಹೇಳಲು ಬಾಯಿ ತೆರೆದಳು. ಹುಬ್ಬು ಗಂಟಿಕ್ಕಿದಳು. ಕೈಬೆರಳನ್ನು ಗಾಳಿಯಲ್ಲಿ ಒಂದು ಸಣ್ಣ ಮುಖದ ಅಳತೆಗೆ ಹಿಡಿದು, ಮತ್ತೆ ಇಳಿಸಿದಳು.

"ಅಯ್ಯೋ," ಎಂದಳು. "ಅದರ ಮುಖ ನೆನಪಿಗೇ ಬರ್ತಿಲ್ವಲ್ಲೇ."